ಮಾರಾಟದ ಸಂಖ್ಯೆಯನ್ನಷ್ಟೇ ಕೇಳುವ ಬ್ಯಾಂಕಿನಲ್ಲಿ ಆರು ವರ್ಷ

ಖಾಸಗಿ ಬ್ಯಾಂಕೊಂದರ ಶಾಖೆಯಲ್ಲಿ ಆರು ವರ್ಷ ಕೆಲಸ ಮಾಡಿ ಹೊರಬಂದಿರುವ ನಾನು, ಅಲ್ಲಿ ಸೇರಬೇಕೆಂದಿರುವವರಿಗೆ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ. ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದೆ, ಸಹೋದ್ಯೋಗಿಗಳು ಕಷ್ಟಕ್ಕೆ ಹೆಗಲು ಕೊಡುವವರು. ತೊಂದರೆ ಇರುವುದು ಮೇಲಿನವರು ಕೆಲಸ ತೆಗೆಯುವ ರೀತಿಯಲ್ಲಿ.

ಪ್ರತಿದಿನ ಸಂಜೆ, ಕ್ಯಾಶ್ ತಾಳೆಯಾಗುವ ಮೊದಲೇ, ವಲಯ ಕಚೇರಿಯಿಂದ ಕಾನ್ಫರೆನ್ಸ್ ಕಾಲ್ ಬರುತ್ತಿತ್ತು. ಒಬ್ಬೊಬ್ಬ ವ್ಯವಸ್ಥಾಪಕರೂ ಆ ದಿನ ಮಾರಿದ ವಿಮಾ ಪಾಲಿಸಿಗಳ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಒಪ್ಪಿಸಬೇಕು. ಸೊನ್ನೆ ಎಂದವರಿಗೆ ಉಳಿದವರೆದುರೇ ಬೈಗುಳ. ನಮ್ಮ ವ್ಯವಸ್ಥಾಪಕರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತ, ತಮ್ಮ ಸರದಿಗಾಗಿ ಕಾಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ಬೆಳಿಗ್ಗೆ ಆ ಒತ್ತಡ ನಮ್ಮ ಮೇಜಿಗೆ ಇಳಿಯುತ್ತಿತ್ತು, ನಮ್ಮಿಂದ ಗ್ರಾಹಕರಿಗೆ ದಾಟುತ್ತಿತ್ತು. ನಿವೃತ್ತಿಯ ಹಣವನ್ನು ನಿಶ್ಚಿತ ಠೇವಣಿಯಲ್ಲಿಡಲು ಬಂದ ಹಿರಿಯರೊಬ್ಬರ ಮುಂದೆ, ಐದು ವರ್ಷ ಹಣ ಕೈಗೆ ಸಿಗದ ಪಾಲಿಸಿಯ ಅರ್ಜಿಯನ್ನು ಇಟ್ಟವಳು ನಾನೇ. ಸಹಿ ಹಾಕುವ ಮುನ್ನ ಅವರು, "ಇದು ಠೇವಣಿನೇ ಅಲ್ವೇನಮ್ಮಾ?" ಎಂದು ಕೇಳಿದಾಗ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಆ ತಿಂಗಳು ಟಾರ್ಗೆಟ್ ಮುಟ್ಟದ ಕಾರಣಕ್ಕೆ ನನಗೆ ಎಚ್ಚರಿಕೆ ಪತ್ರ ಬಂತು.

ಇನ್ನೂ ಗಂಭೀರವಾದದ್ದು ಭದ್ರತೆಯ ವಿಷಯ. ಒಬ್ಬರು ನಮೂದಿಸಿದ ವ್ಯವಹಾರವನ್ನು ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸುವ ಮೇಕರ್-ಚೆಕರ್ ಪದ್ಧತಿ ಇರುವುದೇ ತಪ್ಪನ್ನೂ ಮೋಸವನ್ನೂ ತಡೆಯಲು. ಆದರೆ ಸಿಬ್ಬಂದಿ ಸಾಲದೆ, ಇಲ್ಲಿ ಎಷ್ಟೋ ದಿನ ಒಬ್ಬರೇ ಎರಡೂ ಪಾಸ್‌ವರ್ಡ್ ಬಳಸುತ್ತಿದ್ದರು. ಒಬ್ಬರ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಾಗ ಮುಚ್ಚಿಟ್ಟದ್ದು ಹೊರಬೀಳಲಿ ಎಂದು ಮಾಡಿರುವ ಕಡ್ಡಾಯ ರಜೆಯೂ ಕಾಗದದಲ್ಲಷ್ಟೇ ಇತ್ತು. ಇದನ್ನೆಲ್ಲ ಬರಹದಲ್ಲಿ ತಿಳಿಸಿದ ಸಹೋದ್ಯೋಗಿಯನ್ನು ತಿಂಗಳೊಳಗೆ ದೂರದ ಶಾಖೆಗೆ ವರ್ಗಾಯಿಸಿದ ಮೇಲೆ ಉಳಿದವರು ಬಾಯಿ ಬಿಡಲಿಲ್ಲ.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಪ್ರಕರಣವನ್ನು ನಮಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ಗ್ರಾಹಕರೊಬ್ಬರಿಗೆ 8 ಉತ್ಪನ್ನಗಳನ್ನು ಮಾರಬೇಕೆಂಬ ಗುರಿಯ ಒತ್ತಡದಲ್ಲಿ ನೌಕರರು ಗ್ರಾಹಕರಿಗೆ ತಿಳಿಯದಂತೆ ಲಕ್ಷಗಟ್ಟಲೆ ಖಾತೆಗಳನ್ನು ತೆರೆದಿದ್ದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಅದಾಗಲೇ ಸುಮಾರು 5,300 ಮಂದಿಯನ್ನು ಕೆಲಸದಿಂದ ತೆಗೆದಿತ್ತು. ಈ ಪಾಠ ಹೇಳಿದ ಸಂಸ್ಥೆಯೇ ಸಂಜೆಯ ಕರೆಯನ್ನು ಒಂದು ದಿನವೂ ನಿಲ್ಲಿಸಲಿಲ್ಲವೆಂಬುದು ನನ್ನನ್ನು ಬಹಳ ನೋಯಿಸಿತು.

ಸೇರುವವರು ಸಂದರ್ಶನದಲ್ಲೇ ಎರಡು ವಿಷಯ ಕೇಳಿಕೊಳ್ಳಿ: ಶಾಖೆಯಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ, ಹಿಂದೆ ಆ ಕುರ್ಚಿಯಲ್ಲಿದ್ದವರು ಏಕೆ ಬಿಟ್ಟರು.