ಸ್ಯಾನ್ ಫ್ರಾನ್ಸಿಸ್ಕೊ ಟರ್ಮಿನಲ್ ಏರಿಯಾ ಚಾರ್ಟ್: ಏರ್‌ಲೈನ್ ಪೈಲಟ್ಟುಗಳೂ ಬಿಡಿಸಿ ನೋಡಬೇಕಾದ ನಕ್ಷೆ

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಪ್ರಕಟಿಸುವ ಟರ್ಮಿನಲ್ ಏರಿಯಾ ಚಾರ್ಟ್‌ಗಳನ್ನು, ಅಂದರೆ ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನ ವಾಯುಪ್ರದೇಶದ ನಕ್ಷೆಗಳನ್ನು, ಬಳಸುವವರು ಹೆಚ್ಚಾಗಿ ಸಣ್ಣ ವಿಮಾನ ಹಾರಿಸುವವರು ಮತ್ತು ಹಾರಾಟ ಕಲಿಯುತ್ತಿರುವವರು. ಸ್ಯಾನ್ ಫ್ರಾನ್ಸಿಸ್ಕೊ ಚಾರ್ಟನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದಾಗ, ವಿಷುಯಲ್ ಅಪ್ರೋಚ್ (ಹೊರಗೆ ಕಣ್ಣಿಟ್ಟು ನೋಡುತ್ತಲೇ ನಿಲ್ದಾಣಕ್ಕೆ ಇಳಿಯುವ ಕ್ರಮ) ಒಪ್ಪಿಕೊಂಡು ಕೊಲ್ಲಿಯ ಮೇಲೆ ಇಳಿದು ಬರುವ ಏರ್‌ಲೈನ್ ಪೈಲಟ್ಟುಗಳಿಗೂ ಇದರ ಅಗತ್ಯ ಅಷ್ಟೇ ಇದೆ ಎನ್ನಿಸಿತು. ಚಾರ್ಟ್ ರೂಪಿಸಿದವರು ಮಾತ್ರ ಅಂಥ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಂತಿಲ್ಲ.

ಚಾರ್ಟಿನ ಪ್ರಮಾಣ 1:250,000. ವಿಮಾನ ನಿಲ್ದಾಣದ ಸುತ್ತಲಿನ ಕ್ಲಾಸ್ ಬಿ ವಾಯುಪ್ರದೇಶವನ್ನು (ವಾಯು ಸಂಚಾರ ನಿಯಂತ್ರಣದವರ, ಅಂದರೆ ಎಟಿಸಿಯ, ಅನುಮತಿಯಿಲ್ಲದೆ ಯಾವ ವಿಮಾನವೂ ಹೊಗಬಾರದ ಪ್ರದೇಶ) ಗಾಢ ನೀಲಿ ಗೆರೆಗಳಿಂದ ಗುರುತಿಸಿದ್ದಾರೆ. ಈ ಪ್ರದೇಶ ತಲೆಕೆಳಗಾಗಿಟ್ಟ ಗೋಪುರದಂತಿದ್ದು, ನಿಲ್ದಾಣದ ಬಳಿ ನೆಲದಿಂದಲೇ ಆರಂಭವಾಗಿ, ದೂರ ಹೋದಂತೆ ಅದರ ತಳ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ನೆತ್ತಿ 10,000 ಅಡಿಯಲ್ಲಿದೆ. ಪ್ರತಿ ಭಾಗದೊಳಗೆ ಒಂದರ ಕೆಳಗೊಂದು ಎರಡು ಅಂಕಿಗಳಿರುತ್ತವೆ. ಮೇಲೆ 100, ಕೆಳಗೆ 40 ಎಂದಿದ್ದರೆ ಅಲ್ಲಿ ನೆತ್ತಿ 10,000 ಅಡಿ, ತಳ 4,000 ಅಡಿ ಎಂದರ್ಥ. ಈ ಬರವಣಿಗೆಯಲ್ಲಿ ಗೊಂದಲವಿಲ್ಲ. ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ.

ಕೆಳಗಿನ ಅಂಕಿಯೇ ದೊಡ್ಡ ವಿಮಾನದವರಿಗೆ ಮುಖ್ಯವಾದುದು. 12,500 ಪೌಂಡಿಗಿಂತ ಹೆಚ್ಚು ತೂಕದ ಟರ್ಬೈನ್ ವಿಮಾನವು ಕ್ಲಾಸ್ ಬಿಯ ಪ್ರಧಾನ ನಿಲ್ದಾಣಕ್ಕೆ ಬರುವಾಗ ಅಥವಾ ಅಲ್ಲಿಂದ ಹೊರಡುವಾಗ, ಎಟಿಸಿ ಬೇರೆ ಅನುಮತಿ ಕೊಡದ ಹೊರತು, ಆ ಪ್ರದೇಶದ ಎಲ್ಲೆಯೊಳಗೆ ಇರುವಷ್ಟು ಹೊತ್ತೂ ತಳಕ್ಕಿಂತ ಕೆಳಗೆ ಇಳಿಯಬಾರದೆಂದು ನಿಯಮ ಹೇಳುತ್ತದೆ. ಎಟಿಸಿ ತಾನೇ ದಿಕ್ಕು ಮತ್ತು ಎತ್ತರ ಸೂಚಿಸುತ್ತಿರುವಾಗ ಈ ಚಿಂತೆ ಬಹುಪಾಲು ಕಂಟ್ರೋಲರ್‌ನದು. ಆದರೆ ಮೋಡದ ತಳ ಕನಿಷ್ಠ 1,000 ಅಡಿ, ಗೋಚರತೆ ಕನಿಷ್ಠ 3 ಮೈಲು ಇರುವ ದಿನ ಪೈಲಟ್ ‘ರನ್‌ವೇ ಕಾಣುತ್ತಿದೆ’ ಎಂದು ಹೇಳಿ, ಎತ್ತರದ ನಿರ್ಬಂಧವಿಲ್ಲದ ವಿಷುಯಲ್ ಅಪ್ರೋಚ್ ಅನುಮತಿ ಪಡೆದರೆ, ಯಾವಾಗ ಎಷ್ಟು ಇಳಿಯಬೇಕೆಂಬ ತೀರ್ಮಾನ ಅವನ ಕೈಗೆ ಬರುತ್ತದೆ. ಅವನ ಮುಂದಿರುವ ಅಪ್ರೋಚ್ ಚಾರ್ಟಿನಲ್ಲಿ (ನಿಲ್ದಾಣಕ್ಕೆ ಇಳಿದು ಬರುವ ದಾರಿಯ ನಕ್ಷೆ) ಸಾಮಾನ್ಯವಾಗಿ ಕ್ಲಾಸ್ ಬಿಯ ತಳ ಇರುವುದೇ ಇಲ್ಲ.

ಹಾಗಾಗಿ ಟರ್ಮಿನಲ್ ಏರಿಯಾ ಚಾರ್ಟಿನ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಇದರಲ್ಲಿ ಒಂದು ನಾಟಿಕಲ್ ಮೈಲು (1.85 ಕಿಲೋಮೀಟರ್) ಸುಮಾರು 7.4 ಮಿಲಿಮೀಟರ್. ರನ್‌ವೇ 28ರ ತುದಿಯಿಂದ ಆಗ್ನೇಯಕ್ಕೆ ಗೆರೆ ಎಳೆದರೆ ಅದು ಸ್ಯಾನ್ ಮಟೇಯೊ ಸೇತುವೆಯನ್ನು ದಾಟಿ, ಕನ್ನಡಿಗರ ಮನೆಗಳು ಸಾಕಷ್ಟಿರುವ ಫ್ರೀಮಾಂಟ್ ಕಡೆಗೆ ಸಾಗುತ್ತದೆ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ 10 ನಾಟಿಕಲ್ ಮೈಲು ದೂರದಲ್ಲಿ, ಅಂದರೆ ಚಾರ್ಟಿನ ಮೇಲೆ ಏಳೂವರೆ ಸೆಂಟಿಮೀಟರ್ ಆಚೆ, ಸುಮಾರು 3,200 ಅಡಿ ಎತ್ತರದಲ್ಲಿರಬೇಕು. ಅಂಥ ಜಾಗದಲ್ಲಿ ತಳ 3,000 ಅಡಿ ಎಂದಿಟ್ಟುಕೊಂಡರೆ ಪೈಲಟ್‌ಗೆ ಉಳಿಯುವ ಅಂತರ 200 ಅಡಿ ಮಾತ್ರ. ರನ್‌ವೇ ಸ್ಪಷ್ಟವಾಗಿ ಕಾಣುತ್ತಿದೆಯೆಂದು ಸ್ವಲ್ಪ ಬೇಗನೆ ಇಳಿಯತೊಡಗಿದವನು ತನಗೇ ಗೊತ್ತಾಗದಂತೆ ಕ್ಲಾಸ್ ಬಿಯಿಂದ ಹೊರಬಿದ್ದಿರುತ್ತಾನೆ. ಹೊರಬಿದ್ದ ಜಾಗವೂ ಹೆಚ್ಚಾಗಿ ಕ್ಲಾಸ್ ಇ, ಅದೂ ನಿಯಂತ್ರಿತ ಪ್ರದೇಶವೇ ಎಂಬುದು ನಿಜ. ಆದರೆ ಅಲ್ಲಿ ಕಣ್ಣಂದಾಜಿನಲ್ಲಿ ಹಾರುವ ಸಣ್ಣ ವಿಮಾನದವರು ಎಟಿಸಿಯೊಂದಿಗೆ ಒಂದು ಮಾತೂ ಆಡದೆ ಕಾನೂನುಬದ್ಧವಾಗಿ ಹಾರಬಹುದು. ಇದಲ್ಲದೆ ಕ್ಲಾಸ್ ಬಿಯ ಕೆಳಗೆ ವೇಗದ ಮಿತಿ 250 ನಾಟ್‌ನಿಂದ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು) 200 ನಾಟ್‌ಗೆ ಇಳಿಯುವುದರಿಂದ, ಒಂದು ತಪ್ಪಿನ ಬೆನ್ನಿಗೆ ಇನ್ನೊಂದು ತಪ್ಪೂ ಆಗಬಹುದು. ಸ್ಯಾನ್ ಕಾರ್ಲೋಸ್, ಪಾಲೊ ಆಲ್ಟೊ, ಹೇವರ್ಡ್‌ನಂಥ ಸಣ್ಣ ನಿಲ್ದಾಣಗಳು ಎಷ್ಟು ಹತ್ತಿರದಲ್ಲಿವೆ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಕೆಲಸವನ್ನು ಈ ಚಾರ್ಟ್ ಚೆನ್ನಾಗಿ ಮಾಡಿದೆ.

ಕೊರತೆಗಳೂ ಇವೆ. ಊರುಗಳಿಗೆ ಬಳಿದ ಹಳದಿ, ಹೆದ್ದಾರಿ, ಬೆಟ್ಟದ ರೇಖೆ, ಓಕ್ಲೆಂಡ್ ಮತ್ತು ಸ್ಯಾನ್ ಹೋಸೆಯ ಕ್ಲಾಸ್ ಸಿ (ಮಧ್ಯಮ ಗಾತ್ರದ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ಪ್ರದೇಶ) ವೃತ್ತಗಳು ಎಲ್ಲವೂ ಒಂದರ ಮೇಲೊಂದು ಬಿದ್ದಿರುವುದರಿಂದ ಮಂದ ಬೆಳಕಿನಲ್ಲಿ ನೀಲಿ ಅಂಕಿಗಳನ್ನು ಹುಡುಕಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಇದು ಎತ್ತರವನ್ನು ಅಂಕಿಯಲ್ಲಿ ಹೇಳುತ್ತದೆಯೇ ಹೊರತು ಚಿತ್ರದಲ್ಲಿ ತೋರಿಸುವುದಿಲ್ಲ. ಮುಖ್ಯ ರನ್‌ವೇಗಳ ನೇರಕ್ಕೆ ಪಕ್ಕನೋಟದ ಒಂದು ಸಣ್ಣ ಚಿತ್ರವನ್ನು ಅಂಚಿನಲ್ಲಿ ಅಚ್ಚು ಹಾಕಿದ್ದರೆ ಇಳಿಜಾರಿನ ಗೆರೆ ಮತ್ತು ಮೆಟ್ಟಿಲುಗಳ ಸಂಬಂಧ ತಾನಾಗಿ ಕಾಣುತ್ತಿತ್ತು. 1986ರಲ್ಲಿ ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್ ಮೇಲೆ, ಅನುಮತಿಯಿಲ್ಲದೆ ನಿಯಂತ್ರಿತ ಪ್ರದೇಶ ಹೊಕ್ಕ ಸಣ್ಣ ಪೈಪರ್ ವಿಮಾನ ಏರೋಮೆಕ್ಸಿಕೊದ ಡಿಸಿ-9ಕ್ಕೆ ಡಿಕ್ಕಿ ಹೊಡೆದು 82 ಜನ ಸತ್ತರು. ಒಳನುಗ್ಗುವ ಸಣ್ಣ ವಿಮಾನದ ಭಯವೇ ಈ ಚಾರ್ಟಿನಲ್ಲಿ ಎದ್ದು ಕಾಣುವುದು ಸಹಜ. ತಳದಿಂದ ಜಾರಿಬೀಳುವ ದೊಡ್ಡ ವಿಮಾನಕ್ಕೂ ಅಂಚಿನಲ್ಲಿ ಒಂದಿಷ್ಟು ಜಾಗ ಕೊಡಬಹುದಿತ್ತು.

ಡಿಜಿಟಲ್ ಪ್ರತಿ ಎಫ್‌ಎಎ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಹಿಗ್ಗಿಸಿಯೂ ನೋಡಬಹುದು. ಹೋಟೆಲ್ ಕೋಣೆಯಲ್ಲಿ ಮರುದಿನದ ಹಾರಾಟಕ್ಕೆ ತಯಾರಾಗುವ ಸಿಬ್ಬಂದಿಗೆ ಅದೇ ಸಾಕು. ಅಳತೆಪಟ್ಟಿ, ಪೆನ್ಸಿಲ್ ಹಿಡಿದು ಕೂರುವವರಿಗೆ ಕಾಗದವೇ ಹಿತ. ಈಗ 56 ದಿನಗಳಿಗೊಮ್ಮೆ ಹೊಸ ಆವೃತ್ತಿ ಬರುವುದರಿಂದ ಕಾಗದದ ಪ್ರತಿ ಕೊಳ್ಳುವವರು ಅದರ ಮೇಲಿನ ದಿನಾಂಕವನ್ನು ನೋಡಿಕೊಂಡೇ ದುಡ್ಡು ಕೊಡಬೇಕು.