ಮಕ್ಕಳ ನಿದ್ರಾ ಪರೀಕ್ಷೆ: ದಾವಣಗೆರೆಯ ಕೇಂದ್ರವೊಂದರ ಸೇವೆ ಹೇಗಿದೆ?

ಮಗುವಿನ ಗೊರಕೆಯನ್ನು ರಾತ್ರಿಯಿಡೀ ಅಳೆದು ನೋಡಬೇಕಾದರೆ ಬೆಂಗಳೂರಿಗೇ ಹೋಗಬೇಕೆಂದು ನಮ್ಮ ಭಾಗದ ಅನೇಕ ಪೋಷಕರು ಇಂದಿಗೂ ನಂಬಿದ್ದಾರೆ. ದಾವಣಗೆರೆಯಲ್ಲಿ ಕಿವಿ, ಮೂಗು, ಗಂಟಲಿನ ಚಿಕಿತ್ಸಾಲಯವೊಂದಕ್ಕೆ ಹೊಂದಿಕೊಂಡಿರುವ ನಿದ್ರಾ ಪರೀಕ್ಷಾ ಕೇಂದ್ರದಲ್ಲಿ ನನ್ನ 11 ವರ್ಷದ ಮಗನಿಗೆ ಈ ಪರೀಕ್ಷೆ ಮಾಡಿಸಿದ್ದೇನೆ. ಪರೀಕ್ಷೆ ನಡೆಸುವ ರೀತಿಯಲ್ಲಿ ಈ ಕೇಂದ್ರ ನಿಜಕ್ಕೂ ಉತ್ತಮವಾಗಿದೆ. ವರದಿ ಬರೆಯುವಲ್ಲಿ ಮಾತ್ರ ತಕ್ಷಣ ತಿದ್ದಿಕೊಳ್ಳಬೇಕಾದ ಲೋಪವೊಂದಿದೆ. ಆ ಲೋಪದ ಕಾರಣದಿಂದಲೇ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮಗನಿಗೆ ಐದನೆಯ ವಯಸ್ಸಿನಲ್ಲಿ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ತೆಗೆಸಲಾಗಿತ್ತು. ಎರಡರಿಂದ ಎಂಟು ವರ್ಷದ ನಡುವೆ ಈ ಗ್ರಂಥಿಗಳು ಗಂಟಲಿನ ಅಳತೆಗೆ ಹೋಲಿಸಿದರೆ ದೊಡ್ಡದಾಗಿರುವುದರಿಂದ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಆ ವಯಸ್ಸಿನಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಗೊರಕೆ ನಿಂತಿತು, ಹಾಸಿಗೆ ಒದ್ದೆಯಾಗುವುದೂ ತಪ್ಪಿತು. ಆದರೆ ಕಳೆದ ವರ್ಷದಿಂದ ತೂಕ ಏರಿತು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದು ಮರಳಿತು. ಬೆಳಿಗ್ಗೆ ತಲೆನೋವು, ತರಗತಿಯಲ್ಲಿ ಒಂದೆಡೆ ಕೂರಲಾಗದ ಚಡಪಡಿಕೆ ಶುರುವಾದವು. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ಅನೇಕ ವೇಳೆ ತದ್ವಿರುದ್ಧವಾಗಿ ಚುರುಕು ಮೀರಿ ವರ್ತಿಸುತ್ತಾರೆ. ಶಾಲೆಯಿಂದ ತುಂಟತನದ ದೂರು ಬರುತ್ತಿರುವ ಮಗುವಿನ ರಾತ್ರಿ ಹೇಗೆ ಕಳೆಯುತ್ತಿದೆ ಎಂದು ಕೇಳುವವರು ಕಡಿಮೆ.

ಕೇಂದ್ರದಲ್ಲಿ ಮಗುವಿನ ಮಂಚದ ಪಕ್ಕದಲ್ಲೇ ತಾಯಿಗೋ ತಂದೆಗೋ ಮಲಗಲು ಜಾಗವಿದೆ. ತಲೆಗೆ, ಎದೆಗೆ, ಕಾಲಿಗೆ ತಂತಿಗಳನ್ನು ಅಂಟಿಸುವಾಗ ತಂತ್ರಜ್ಞರು ಪ್ರತಿಯೊಂದನ್ನೂ ಮೊದಲು ಮಗನ ಕೈಗೆ ಕೊಟ್ಟು ತೋರಿಸಿದರು. "ನಿದ್ದೆ ಬರ್ಲಿಲ್ಲಂದ್ರೂ ಪರವಾಗಿಲ್ಲಪ್ಪ, ನಿಮ್ಮಮ್ಮ ಪಕ್ಕದಾಗೇ ಇರ್ತಾರೆ" ಎಂದ ಅವರ ಮಾತಿಗೆ ಹುಡುಗನ ಹೆದರಿಕೆ ಅರ್ಧ ಇಳಿಯಿತು. ಮೆದುಳಿನ ಅಲೆಗಳು, ಎದೆ ಮತ್ತು ಹೊಟ್ಟೆಯ ಏರಿಳಿತ, ಮೂಗಿನ ಗಾಳಿಯ ಹರಿವು, ರಕ್ತದ ಆಮ್ಲಜನಕ ಇವೆಲ್ಲದರ ಜೊತೆಗೆ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಇಲ್ಲಿ ಅಳೆಯುತ್ತಾರೆ. ಕೆಲವು ಮಕ್ಕಳಲ್ಲಿ ಉಸಿರು ಪೂರ್ತಿ ನಿಲ್ಲದೆಯೇ, ಬಹಳ ಹೊತ್ತು ಇಕ್ಕಟ್ಟಿನ ದಾರಿಯಲ್ಲಿ ನಡೆಯುತ್ತಾ ಈ ಅನಿಲ ದೇಹದಲ್ಲಿ ಏರುವುದುಂಟು; ಅದನ್ನು ಅಳೆಯದ ಪರೀಕ್ಷೆಯಲ್ಲಿ ಆ ತೊಂದರೆ ತಪ್ಪಿಹೋಗಬಹುದು. ಆದ್ದರಿಂದ ಈ ಒಂದು ಅಳತೆಗಾಗಿಯೇ ನಾನು ಕೇಂದ್ರವನ್ನು ಮೆಚ್ಚುತ್ತೇನೆ. ಶುಲ್ಕವನ್ನು ಮೊದಲೇ ಬರೆದು ಕೊಟ್ಟರು, ಕೊನೆಯಲ್ಲಿ ಏರಿಸಲಿಲ್ಲ.

ಇನ್ನು ವರದಿಯ ವಿಷಯ. ಗಂಟೆಗೆ ಸರಾಸರಿ ನಾಲ್ಕು ಬಾರಿ ಉಸಿರಾಟಕ್ಕೆ ಅಡಚಣೆಯಾಗಿದೆ ಎಂದು ನಮೂದಿಸಿ, ಅದರ ಮುಂದೆಯೇ 'ಐದಕ್ಕಿಂತ ಕಡಿಮೆ, ಸಹಜ' ಎಂದು ಮುದ್ರಿಸಲಾಗಿತ್ತು. ಐದು ಎಂಬುದು ವಯಸ್ಕರ ಗಡಿ. ಮಕ್ಕಳಲ್ಲಿ ಗಂಟೆಗೆ ಒಂದು ದಾಟಿದರೆ ಸಾಮಾನ್ಯವಾಗಿ ಅಸಹಜವೆಂದು ಪರಿಗಣಿಸಿ, ಒಂದರಿಂದ ಐದರವರೆಗೆ ಸೌಮ್ಯ, ಐದರಿಂದ ಹತ್ತರವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ತೀವ್ರ ಎಂದು ಗುರುತಿಸುತ್ತಾರೆ. ಎಣಿಸುವ ನಿಯಮವೂ ಬೇರೆ: ವಯಸ್ಕರಲ್ಲಿ ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತರೆ ಮಾತ್ರ ಲೆಕ್ಕ, ಮಕ್ಕಳಲ್ಲಿ ಎರಡು ಉಸಿರಿನಷ್ಟು ಹೊತ್ತು ತಪ್ಪಿದರೂ ಲೆಕ್ಕ. ನಾನು ಪ್ರಶ್ನಿಸಿದ ಮೇಲೆ ವೈದ್ಯರು ಎಣಿಕೆ ಮಕ್ಕಳ ನಿಯಮದಂತೆಯೇ ನಡೆದಿದೆಯೆಂದು ಪರಿಶೀಲಿಸಿ, ನಮೂನೆಯಲ್ಲಿದ್ದ ಗಡಿಯನ್ನು ತಿದ್ದಿ, ಸೌಮ್ಯ ಸ್ವರೂಪದ ತೊಂದರೆಯೆಂದು ಹೊಸ ವರದಿ ಕೊಟ್ಟರು. ಅವರ ಸೌಜನ್ಯ ದೊಡ್ಡದು. ಆದರೆ ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಬಂದು, 'ಸಹಜ' ಎಂಬ ಪದ ಓದಿ ನೆಮ್ಮದಿಯಿಂದ ಬಸ್ಸು ಹತ್ತುವ ತಂದೆತಾಯಿಯರ ಗತಿಯೇನು?

ತಿದ್ದಿದ ವರದಿಯ ನಂತರದ ಸಮಾಲೋಚನೆ ಮಾತ್ರ ಅತ್ಯುತ್ತಮವಾಗಿತ್ತು. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ವೈದ್ಯರು ವಿವರಿಸಿದರು: 5ರಿಂದ 9 ವರ್ಷದ 464 ಮಕ್ಕಳಲ್ಲಿ, ಬೇಗನೆ ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇ. 79ರಷ್ಟು ಮಕ್ಕಳ ನಿದ್ರಾ ಪರೀಕ್ಷೆ ಏಳು ತಿಂಗಳಲ್ಲಿ ಸಹಜ ಸ್ಥಿತಿಗೆ ಬಂದಿತ್ತು. ಕಾದು ನೋಡಿದ ಗುಂಪಿನಲ್ಲೂ ಶೇ. 46ರಷ್ಟು ಮಕ್ಕಳು ಹಾಗೆಯೇ ಸುಧಾರಿಸಿದ್ದರು. ಅಂದರೆ ಟಾನ್ಸಿಲ್ ತೆಗೆದರೂ ಕೆಲವರಲ್ಲಿ ತೊಂದರೆ ಉಳಿಯುತ್ತದೆ, ತೆಗೆಯದಿದ್ದರೂ ಕೆಲವರಲ್ಲಿ ಕಳೆಯುತ್ತದೆ. ಹದಿಹರೆಯದ ಹೊತ್ತಿಗೆ ಅಡಿನಾಯ್ಡ್ ತಾನಾಗಿ ಕುಗ್ಗಿದರೂ ತೂಕ, ಮೂಗಿನ ಅಲರ್ಜಿ, ದವಡೆಯ ಆಕಾರ ಅದರ ಜಾಗಕ್ಕೆ ಬರುತ್ತವೆ. ಮಗನಿಗೆ ಈಗ ಮೂಗಿನ ಸ್ಟೀರಾಯ್ಡ್ ಸ್ಪ್ರೇ ನಡೆಯುತ್ತಿದೆ, ಸಂಜೆ ಆಟ ಕಡ್ಡಾಯವಾಗಿದೆ. ಮೇಲ್ದವಡೆ ಕಿರಿದಾಗಿದೆಯೇ ಎಂದು ಹಲ್ಲಿನ ತಜ್ಞರಿಗೂ ತೋರಿಸಲು ಹೇಳಿದ್ದಾರೆ. ಎರಡು ದಂತವೈದ್ಯಕೀಯ ಕಾಲೇಜುಗಳಿರುವ ಈ ಊರಿನಲ್ಲಿ ಅದಕ್ಕಾಗಿ ದೂರ ಹೋಗಬೇಕಿಲ್ಲ.

ಇನ್ನೆರಡು ಕೊರತೆಗಳಿವೆ. ತೀವ್ರ ತೊಂದರೆಯ ಮಕ್ಕಳಿಗೆ ಬೇಕಾಗುವ ಸಿಪ್ಯಾಪ್ ಯಂತ್ರ (ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ) ಇಲ್ಲಿ ಸಿಗುತ್ತದಾದರೂ ಮಕ್ಕಳ ಮುಖದ ಅಳತೆಯ ಮಾಸ್ಕ್‌ಗಳನ್ನು ಹೊರಗಿನಿಂದ ತರಿಸಬೇಕು. ಮುಖ ಬೆಳೆದಂತೆ ಮಾಸ್ಕ್ ಬದಲಿಸಲೇಬೇಕಾಗುವುದರಿಂದ ಇದು ಸಣ್ಣ ಅನನುಕೂಲವಲ್ಲ. ಮರುಪರೀಕ್ಷೆಗೆ ಯಾವಾಗ ಬರಬೇಕೆಂದು ಕೇಂದ್ರ ತಾನಾಗಿ ನೆನಪಿಸುವುದಿಲ್ಲ, ನಾವೇ ಬರೆದಿಟ್ಟುಕೊಳ್ಳಬೇಕು. ವಾರದ ಹೆಚ್ಚಿನ ರಾತ್ರಿಗಳಲ್ಲಿ ಗೊರಕೆ ಹೊಡೆಯುವ, ಕತ್ತನ್ನು ಹಿಂದಕ್ಕೆ ಚಾಚಿ ಬೆವರುತ್ತಾ ಮಲಗುವ ಮಕ್ಕಳಿರುವವರು, ಅದರಲ್ಲೂ ಒಮ್ಮೆ ಶಸ್ತ್ರಚಿಕಿತ್ಸೆಯಾದ ಮಕ್ಕಳ ಪೋಷಕರು, ಇಲ್ಲಿಗೆ ಧೈರ್ಯವಾಗಿ ಹೋಗಬಹುದು. ವರದಿ ಕೈಗೆ ಬಂದಾಗ ಗಡಿಯ ಅಂಕಿ ಮಕ್ಕಳದ್ದೋ ವಯಸ್ಕರದ್ದೋ ಎಂದು ವೈದ್ಯರ ಎದುರಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.