ಹೋಮದ ಹೊಗೆಗೆ ನಾಲ್ಕು ಬಕೆಟ್

ಮೇ ತಿಂಗಳಲ್ಲಿ ಉತ್ತರಹಳ್ಳಿಯ ನಮ್ಮ ಫ್ಲ್ಯಾಟಿನ ಗೃಹಪ್ರವೇಶವಾಯಿತು. ನಸುಕಿಗೇ ಗಣಹೋಮ, ಅದರ ಬೆನ್ನಿಗೆ ವಾಸ್ತುಹೋಮ. ಮೂರನೆಯ ಮಹಡಿ, ಹಾಲಿಗೆ ಇರುವುದು ಬಾಲ್ಕನಿಯ ಬಾಗಿಲೊಂದೇ. ಪೂರ್ಣಾಹುತಿಗೆ ತುಪ್ಪ ಬಿದ್ದಾಗ ಪಕ್ಕದಲ್ಲಿ ಕುಳಿತ ನಮ್ಮವರ ಮುಖವೇ ಕಾಣಲಿಲ್ಲ. “ಹೋಮದ ಹೊಗೆ ಮನೆಗೆ ಒಳ್ಳೆಯದಮ್ಮಾ, ಇರಲಿ ಬಿಡು” ಎಂದರು ಅತ್ತೆ. ಬಿಟ್ಟೆ. ಮೊದಲ ಎರಡು ದಿನ ಅದು ದೇವಸ್ಥಾನದ ಪರಿಮಳ. ಹತ್ತನೆಯ ದಿನಕ್ಕೆ ಕಮಟು ತುಪ್ಪ ಮತ್ತು ಆರಿದ ಒಲೆಯ ವಾಸನೆ. ಕಚೇರಿಯಲ್ಲಿ ಪಕ್ಕದ ಮೇಜಿನವರು “ಮನೆಯಲ್ಲಿ ಸೌದೆ ಒಲೆಯೇ?” ಎಂದು ವಿಚಾರಿಸಿದ ಸಂಜೆ ಹಾಲಿನ ಪರದೆಗಳನ್ನು ಕಳಚಿದೆ.

ಸಲಹೆಗಳಿಗೆ ಬರವಿರಲಿಲ್ಲ. ವಿನೆಗರ್ ಎಂದರು, ಅಡುಗೆ ಸೋಡಾ ಎಂದರು, ಕೆಳಗಿನ ಮನೆಯವರು ಸಾಂಬ್ರಾಣಿ ಹಾಕಿ ಎಂದರು. ಹೊಗೆಗೆ ಹೊಗೆಯೇ ಮದ್ದಂತೆ! ಒಂದೇ ಥಾನಿನ ನಾಲ್ಕು ಹತ್ತಿ ಪರದೆಗಳಿದ್ದುದರಿಂದ ನಾಲ್ಕು ಬಕೆಟ್ ಇಟ್ಟು ಪೈಪೋಟಿ ನಡೆಸಿಯೇಬಿಟ್ಟೆ. ಅದೇ ಮನೆಯಲ್ಲಿರುವ ನನ್ನ ಮೂಗನ್ನು ನಂಬುವಂತಿರಲಿಲ್ಲ, ಅದು ಒಗ್ಗಿಹೋಗಿತ್ತು. ಆದ್ದರಿಂದ ಒಣಗಿದ ಪರದೆಗಳನ್ನು ರಾತ್ರಿಯಿಡೀ ಬೇರೆಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಮೇಲಿನ ಮನೆಯ ಎಂಟು ವರ್ಷದ ಹುಡುಗನಿಂದ ಮೂಸಿಸಿದೆ. ಯಾವುದರಲ್ಲಿ ಏನಿದೆ ಎಂದು ಅವನಿಗೆ ಹೇಳಿರಲಿಲ್ಲ.

ಮೊದಲನೆಯದಕ್ಕೆ ಬರೀ ಸೋಪಿನ ಪುಡಿ, ಕೊನೆಯಲ್ಲಿ ಒಂದು ಮುಚ್ಚಳ ಸುವಾಸನೆಯ ದ್ರವ. ಚೀಲ ಬಿಚ್ಚಿದವನೇ “ಆಂಟಿ, ಹೂವಿನ ಅಂಗಡಿಗೆ ಬೆಂಕಿ ಬಿದ್ದ ಹಾಗಿದೆ” ಎಂದ. ಇದಕ್ಕಿಂತ ನಿಖರವಾದ ತೀರ್ಪು ಇನ್ನಾವ ಪರದೆಗೂ ಸಿಗಲಿಲ್ಲ.

ಎರಡನೆಯದನ್ನು ಅರ್ಧ ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಬೆರೆಸಿ ಒಂದು ಗಂಟೆ ನೆನೆಸಿ ಒಗೆದೆ. ಅಂದು ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಸಂಜೆ ನಾಲ್ಕಕ್ಕೆ ಗುಡುಗಿ ಮಳೆ ಬಂತು, ಗಾಳಿಯಲ್ಲಿ ತೇವ ಏರಿತು, ವಾಸನೆ ಹಿಂದಿರುಗಿತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ. ಸೌದೆಯ ಹೊಗೆಯಲ್ಲೂ ಅದೇ ಆಮ್ಲವಿರುತ್ತದೆ. ಮೀನಿನ ವಾಸನೆಗೆ ಹುಳಿ ಹಿಂಡುವುದು ಸರಿ. ಹೊಗೆಗೆ ಹಿಂಡಿದರೆ ನೆಂಟನ ಮೇಲೆ ದೂರು ಕೊಡಲು ಅವನ ತಮ್ಮನನ್ನು ಕಳಿಸಿದಂತೆ.

ಮೂರನೆಯದು ಅಡುಗೆ ಸೋಡಾ, ಅರ್ಧ ಲೋಟ, ರಾತ್ರಿಯಿಡೀ. ವಿನೆಗರ್‌ಗಿಂತ ವಾಸಿ, ಆದರೆ ಅಂಚಿನ ದಪ್ಪ ಮಡಿಕೆಯಲ್ಲಿ ಹೊಗೆ ಉಳಿದಿತ್ತು.

ಗೆದ್ದದ್ದು ನಾಲ್ಕನೆಯದು: ಕೈ ಸುಡದಷ್ಟು ಬಿಸಿನೀರು, ಮೂರು ಚಮಚ ವಾಷಿಂಗ್ ಸೋಡಾ, ಜೊತೆಗೆ ಸೋಪಿನ ಪುಡಿ, ಮುಕ್ಕಾಲು ಗಂಟೆ. ಪರದೆ ಎತ್ತಿದಾಗ ಬಕೆಟ್ಟಿನ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು; ಉಳಿದ ಮೂರರಲ್ಲಿ ನೀರು ಬರೀ ಮಬ್ಬಾಗಿತ್ತು. ಅಂಟಿಕೊಂಡಿದ್ದದ್ದು ಗಾಳಿಯಲ್ಲ, ಜಿಡ್ಡು ಎಂದು ನನಗೆ ಹೊಳೆದದ್ದು ಆಗ. ಅತ್ತಿ, ಅರಳಿಯ ಸಮಿತ್ತು ಉರಿದಾಗ ಟಾರಿನ ಕಣಗಳೂ ಹೊಗೆಯ ವಾಸನೆ ಕೊಡುವ ಫೀನಾಲ್ ಜಾತಿಯ ವಸ್ತುಗಳೂ ಹೊರಬಂದು, ಸುಟ್ಟ ತುಪ್ಪದ ಜೊತೆ ನೂಲಿಗೆ ಮೆತ್ತಿಕೊಳ್ಳುತ್ತವೆ. ಅವು ಕರಗಲು ಗಟ್ಟಿ ಕ್ಷಾರ ಬೇಕು. ಅಡುಗೆ ಸೋಡಾದ ನೀರಿನ ಪಿಎಚ್ 8ರ ಚಿಲ್ಲರೆ, ವಾಷಿಂಗ್ ಸೋಡಾದ್ದು 11ರ ಆಸುಪಾಸು. ಅಲ್ಲದೆ ನಮ್ಮ ಕಟ್ಟಡದ್ದು ಕೊಳವೆಬಾವಿಯ ಗಡಸು ನೀರು. ಈ ಸೋಡಾ ಅದನ್ನೂ ಮೆದುಗೊಳಿಸಿತು, ನೊರೆ ಸರಿಯಾಗಿ ಎದ್ದಿತು. ಬಣ್ಣ ಸ್ವಲ್ಪ ಮಂಕಾದದ್ದು ನಿಜ, ಕೈಗವಸಿಲ್ಲದೆ ಬೆರಳೂ ಒರಟಾದವು.

ವಿನೆಗರ್ ಮತ್ತು ಸೋಡಾ ಎರಡನ್ನೂ ಬೆರೆಸಿ ಎನ್ನುವವರಿದ್ದಾರೆ. ಬುರುಬುರು ನೊರೆ ನೋಡಲು ಚಂದ. ಆಮ್ಲ, ಕ್ಷಾರ ಒಂದನ್ನೊಂದು ತಿಂದುಕೊಂಡ ಮೇಲೆ ಬಕೆಟ್ಟಿನಲ್ಲಿ ಉಳಿಯುವುದು ಉಪ್ಪುನೀರು.

ರೇಷ್ಮೆಗೆ ವಾಷಿಂಗ್ ಸೋಡಾ ಮುಟ್ಟಿಸಲೇಬಾರದು, ಕ್ಷಾರ ಎಳೆಯನ್ನೇ ತಿನ್ನುತ್ತದೆ. ಹೋಮಕ್ಕೆ ಉಟ್ಟ ನನ್ನ ಸೀರೆಯನ್ನು ಡ್ರೈ ಕ್ಲೀನಿಂಗ್‌ಗೆ ಕೊಟ್ಟೆ. ಹೊಗೆ ಹೋಗಿತ್ತು, ಬದಲಿಗೆ ಸೀಮೆಎಣ್ಣೆಯಂಥ ವಾಸನೆ ಒಂದು ವಾರ ಬೀರುವಿನಲ್ಲಿ ಸಂಸಾರ ಹೂಡಿತು. ಅತ್ತೆ ತಮ್ಮ ಸೀರೆಯನ್ನು ಕೊಡಲೊಪ್ಪಲಿಲ್ಲ. ಒಳಗೆ ನೆರಳಿನಲ್ಲಿ ಹಗ್ಗ ಕಟ್ಟಿ ನಾಲ್ಕು ದಿನ ಗಾಳಿಗೆ ಹರವಿದರು, ದಿನಕ್ಕೊಮ್ಮೆ ಮಗ್ಗುಲು ಬದಲಿಸಿದರು, ಅಷ್ಟೆ. ನನ್ನದಕ್ಕಿಂತ ಅವರದೇ ಶುಭ್ರ. ಒಪ್ಪಿಕೊಳ್ಳಲು ಕಷ್ಟವಾಯಿತು, ಒಪ್ಪಿಕೊಂಡೆ.

ಬೀರುವಿಗೆ ಕಾಫಿ ಗಸಿ ಇಟ್ಟು ನೋಡಿದೆ: ಮೂರನೆಯ ದಿನ ಬೂಷ್ಟು. ಇಸ್ತ್ರಿ ಗಾಡಿಯವರಿಂದ ಒಂದು ಬಟ್ಟಲು ಇದ್ದಿಲು ತಂದಿಟ್ಟೆ: ತೊಂದರೆಯಿಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ.

ಸೋಫಾ ಮಾತ್ರ ಬೇರೆಯೇ ಕತೆ. ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು, ವ್ಯಾಕ್ಯೂಮ್‌ನಲ್ಲಿ ಎಳೆದೆ. ಮೂರು ಸಲ ಮಾಡಿದ ಮೇಲೆ ಅರ್ಧದಷ್ಟು ಇಳಿಯಿತು. ತಾಳ್ಮೆಗೆಟ್ಟು ಮನೆಗೇ ಬಂದು ತೊಳೆಯುವವರನ್ನು ಕರೆಸಿದೆ. 1,400 ರೂಪಾಯಿ. ನೊರೆ ಹಚ್ಚಿ ಉಜ್ಜಿದರು, “ಎರಡು ಗಂಟೆಯಲ್ಲಿ ಒಣಗುತ್ತದೆ ಮೇಡಂ” ಎಂದು ಹೊರಟರು. ಆ ಸಂಜೆಯೂ ಮಳೆ. ಒಳಗಿನ ಸ್ಪಂಜು ಮೂರು ದಿನ ಒದ್ದೆ, ಹೊಗೆಯ ಜೊತೆ ಮುಗ್ಗಲು. ಕೊನೆಗೆ ಕವರುಗಳನ್ನು ಬಿಚ್ಚಿ ನಾಲ್ಕನೆಯ ಬಕೆಟ್ಟಿನ ಚಿಕಿತ್ಸೆ ಕೊಟ್ಟು, ಸ್ಪಂಜುಗಳನ್ನು ತಾರಸಿಗೆ ಹೊತ್ತು ಬೆಳಗಿನ ಬಿಸಿಲಿಗೆ ಆರು ದಿನ ನಿಲ್ಲಿಸಿದ ಮೇಲೆ ಸರಿಹೋಯಿತು.

ಇಷ್ಟಾದರೂ ಗೆದ್ದ ಪರದೆ ವಾರದಲ್ಲಿ ಮತ್ತೆ ನಾರತೊಡಗಿತು. ಸೋಡಾ ಸೋತಿತೆಂದುಕೊಂಡೆ. ಫ್ಯಾನು ಒರೆಸಲು ಸ್ಟೂಲು ಹತ್ತಿದಾಗ ಬೆರಳಿಗೆ ಕಂದು ಜಿಡ್ಡು ಹತ್ತಿತು. ಪರದೆಯ ಸರಳಿನ ಮೇಲೂ ಅದೇ, ಸೂರಿನಲ್ಲೂ ಅದೇ. ತೊಳೆದ ಬಟ್ಟೆಯನ್ನು ತಂದು ಮಸಿಗೇ ತೂಗುಹಾಕಿದ್ದೆ. ಸೋಪುನೀರಿನ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ, ಪರದೆಗಳನ್ನು ಮತ್ತೊಮ್ಮೆ ಒಗೆದು ಹಾಕಿದೆ. ಹುಡುಗ ಬಂದು ಮೂಸಿ “ಏನೂ ಇಲ್ಲ” ಎಂದು ನಿರಾಶನಾಗಿ ಬಿಸ್ಕತ್ತು ಕೇಳಿದ.

ವರ್ಷಕ್ಕೊಂದು ಗಣಹೋಮ ಆಗಲೇಬೇಕೆಂದು ಅತ್ತೆ ಹೇಳಿದ್ದಾರೆ. ಆಗಲಿ. ಪರದೆ ಮತ್ತು ಸೋಫಾ ಕವರು ಹಿಂದಿನ ರಾತ್ರಿಯೇ ಒಳಕೋಣೆಗೆ, ಬಾಗಿಲ ಸಂದಿಗೆ ಒದ್ದೆ ಟವೆಲು, ಹೋಮಕುಂಡ ಬಾಲ್ಕನಿಯ ಬಾಗಿಲ ಬುಡಕ್ಕೆ. ಪುರೋಹಿತರಿಗೆ ಈಗಲೇ ತಿಳಿಸಿದ್ದೇನೆ; ದಿಕ್ಕು ಸರಿಯಿದೆ ಎಂದಿದ್ದಾರೆ.